ಜೀಪಿಗೆ ನಾಲ

ಗವಿಸಿದ್ದಪ್ಪ ಸುಮ್ಮನೆ ಕೂತದ್ದನ್ನು ನೋಡಿದವರು ಗಜೇಂದ್ರಗಡದಲ್ಲಿ ಕಡಿಮೆ. ಕೂತರೂ ಒಂದು ಮೊಣಕಾಲು ಕುಣಿಯುತ್ತಲೇ ಇರುತ್ತಿತ್ತು. ಉಣ್ಣಲು ಕೂತರೆ ತಾಟಿನೊಳಗಿನ ಸಾರು ತುಳುಕುತ್ತಿತ್ತು, ಭಜನೆಗೆ ಕೂತರೆ ಪಕ್ಕದವನ ತಾಳ ತಪ್ಪುತ್ತಿತ್ತು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾನೆ ಎಂದು ಊರು ಆಡಿಕೊಳ್ಳುತ್ತಿತ್ತು. ಅಂಥವನು ಹುಟ್ಟಿದ್ದು ನೇಕಾರರ ಮನೆಯಲ್ಲಿ. ದೇವರಿಗೂ ಒಮ್ಮೊಮ್ಮೆ ಚೇಷ್ಟೆ ಮಾಡಬೇಕು ಅನ್ನಿಸುತ್ತದೆ, ಏನು ಮಾಡುವುದು.

ನೇಕಾರಿಕೆ ಎಂದರೆ ಕೂಡುವ ಕಸುಬು. ನೆಲದಲ್ಲಿ ತೋಡಿದ ಗುಣಿಯೊಳಗೆ ಕಾಲು ಇಳಿಬಿಟ್ಟು, ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಒಂದೇ ಕಡೆ ಕೂತು ಸೀರೆ ನೇಯಬೇಕು. ಗವಿಸಿದ್ದಪ್ಪನ ಅಪ್ಪ ಹಾಗೆ ಕೂತೇ ಮುದುಕನಾದ, ಕೂತೇ ಸತ್ತ. ಮಗನನ್ನೂ ಮೀಸೆ ಮೂಡುವ ಮೊದಲೇ ಗುಣಿಗೆ ಇಳಿಸಿದ್ದರು. ಅವನು ನೇಯ್ದ ಸೀರೆಯ ಅಂಚು ಎಂದೂ ನೆಟ್ಟಗೆ ಬರಲಿಲ್ಲ. ಒಂದು ಮೊಳ ನೇಯುವುದರೊಳಗೆ ಎದ್ದು ಹೋಗಿ ಬಾಗಿಲಲ್ಲಿ ನಿಂತಿರುತ್ತಿದ್ದ. ದೊಡ್ಡ ಯುದ್ಧ ಶುರುವಾಗಿ ಸೈನ್ಯಕ್ಕೆ ಜನ ಬೇಕೆಂದು ಡಂಗುರ ಸಾರಿದಾಗ ಬೇರೆ ಮನೆಗಳಲ್ಲಿ ತಾಯಂದಿರು ಮಕ್ಕಳನ್ನು ಬಚ್ಚಿಟ್ಟರು. ಗವಿಸಿದ್ದಪ್ಪ ಹೇಳದೆ ಕೇಳದೆ ಗದಗಿಗೆ ಹೋಗಿ ಹೆಸರು ಬರೆಸಿದ. ಬಸ್ರಾದ ಮರಳಿನಲ್ಲಿ ಲಾರಿ ಓಡಿಸುವುದನ್ನು ಕಲಿತು, ಯುದ್ಧ ಮುಗಿದ ಮೇಲೆ ಒಂದು ಖಾಕಿ ಕೋಟು ಹಾಕಿಕೊಂಡು ತಿರುಗಿ ಬಂದ.

ಬಂದವನಿಗೆ ಸುಶೀಲವ್ವನನ್ನು ತಂದು ಮದುವೆ ಮಾಡಿದರು. ಹೆಂಡತಿ ಬಂದರೆ ಕಾಲು ನಿಂತೀತು ಎಂದು ಹಿರಿಯರ ಲೆಕ್ಕ. ನಿಲ್ಲಲಿಲ್ಲ. ಕೊನೆಗೆ ಮಾವನ ಮಗ್ಗದಲ್ಲಿ ಸುಶೀಲವ್ವನೇ ಕೂತಳು. ಗಂಡನ ಮೇಲೆ ಅವಳಿಗೆ ಸಿಟ್ಟಿರಲಿಲ್ಲವೇ ಎಂದರೆ ಇತ್ತು. ಆದರೆ ಕುಣಿಯುವ ಮೊಣಕಾಲನ್ನು ಮನೆಯೊಳಗೆ ಕಟ್ಟಿಹಾಕುವುದಕ್ಕಿಂತ ಹೊರಗೆ ಅಟ್ಟುವುದೇ ನೆಮ್ಮದಿ ಎಂದು ಬೇಗ ತಿಳಿದುಕೊಂಡಿದ್ದಳು.

ಅಟ್ಟುವುದಕ್ಕೆ ಒಂದು ಜೀಪು ಸಿಕ್ಕಿತು. ಊರಿನ ಹತ್ತಿ ವ್ಯಾಪಾರಿ ಚಂದ್ರಶೇಖರಪ್ಪ ಸಾವ್ಕಾರರು ಪುಣೆಯಲ್ಲಿ ಮಿಲಿಟ್ರಿ ಸಾಮಾನಿನ ಹರಾಜಿಗೆ ಹೋಗಿ ಅದನ್ನು ತಂದಿದ್ದರು. ನಮ್ಮ ಸೀಮೆ ಇನ್ನೂ ಮುಂಬೈ ಸರ್ಕಾರದ ಕೈಯಲ್ಲಿದ್ದ ಕಾಲ. ಐವತ್ತನಾಲ್ಕೋ ಐವತ್ತೈದೋ ಇರಬೇಕು. ಎರೆಹೊಲದ ರೈತ ಹತ್ತಿ ಬಿಡಿಸಿ ಮನೆಯಲ್ಲಿ ಒಟ್ಟುವ ಹೊತ್ತಿಗೆ ಯಾವ ವ್ಯಾಪಾರಿ ಮೊದಲು ಹೋಗಿ ಬಾಗಿಲಲ್ಲಿ ನಿಲ್ಲುತ್ತಾನೋ ಅವನಿಗೆ ಮಾಲು. ಮಿಕ್ಕವರು ಎತ್ತಿನ ಚಕ್ಕಡಿಯಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಸಾವ್ಕಾರರ ಜೀಪು ಹೋಗಿ, ಚಹ ಕುಡಿದು, ಮಾತು ಮುಗಿಸಿ ತಿರುಗಿ ಬಂದಿರುತ್ತಿತ್ತು. ಓಡಿಸುವವನು ಗವಿಸಿದ್ದಪ್ಪ. ಜೀಪಿನ ಸ್ಟೇರಿಂಗು ಹಿಡಿದು ಕೂತಾಗ ಮಾತ್ರ ಅವನ ಮೊಣಕಾಲು ಸುಮ್ಮನಿರುತ್ತಿತ್ತು. ಅವನು ಸುಖವಾಗಿದ್ದದ್ದು ಆ ಸೀಟಿನ ಮೇಲೆ, ಅಲ್ಲಿ ಬಿಟ್ಟರೆ ಮತ್ತೆಲ್ಲೂ ಅಲ್ಲ.

ಓಡಿಸುವ ಆಸೆ ಸಾವ್ಕಾರರಿಗೂ ಇತ್ತು. ದಪ್ಪ ಮನುಷ್ಯ, ಆದರೆ ಆಸೆಗೆ ದಪ್ಪ ಸಣ್ಣ ಎಂದಿಲ್ಲವಲ್ಲ. ರೋಣದ ಸಪಾಟು ರಸ್ತೆಯಲ್ಲಿ ಗವಿಸಿದ್ದಪ್ಪನೇ ಅವರಿಗೆ ಗೇರು ಹಾಕುವುದನ್ನು ಕಲಿಸಿದ್ದ. ಗುಡ್ಡದ ಬುಡ ಹಿಡಿದು ರಾಜೂರಿನ ಕಡೆ ಹೋಗುವ ಕಲ್ಲಿನ ಹಾದಿ ಬಂತೆಂದರೆ ಅವರು ತಾವಾಗಿಯೇ ಪಕ್ಕಕ್ಕೆ ಸರಿದು ಕೂಡುತ್ತಿದ್ದರು. ಆ ಹಾದಿಯಲ್ಲಿ ಯಾವ ಕಲ್ಲು ಎಲ್ಲಿ ತಲೆ ಎತ್ತಿದೆ ಎಂಬುದು ಗವಿಸಿದ್ದಪ್ಪನಿಗೆ ಬಾಯಿಪಾಠ. ಬಲಗಾಲಿ ಹುಲ್ಲಿನ ಮೇಲೆ, ಎಡಗಾಲಿ ದಿಣ್ಣೆಯ ಮೇಲೆ ಎಂದು ಜೀಪನ್ನು ದಾಟಿಸುತ್ತಿದ್ದ.

ಆದರೂ ಕಲ್ಲು ಕಲ್ಲೇ. ಜೀಪಿನ ಇಂಜಿನ್ನಿಗೆ ಅಡಿಯಲ್ಲಿ ಎಣ್ಣೆ ತುಂಬಿದ ಒಂದು ತಗಡಿನ ಬೋಗುಣಿ ಇರುತ್ತದೆ. ಡ್ರೈವರುಗಳು ಅದಕ್ಕೆ ಚೇಂಬರು ಎನ್ನುತ್ತಾರೆ. ಆ ಸುಗ್ಗಿಯಲ್ಲಿ ಒಂದು ಸಲ ಅದು ಕಲ್ಲಿಗೆ ಬಡಿದು ಸೀಳಿತು. ಬೆಸುಗೆ ಹಾಕಿಸಿದರು. ಅಮಾವಾಸ್ಯೆ ಕಳೆಯುವುದರೊಳಗೆ ಮತ್ತೆ ಸೀಳಿತು. ಎರಡನೆಯ ಸಲ ಎಣ್ಣೆಯೆಲ್ಲ ಹಾದಿಗೆ ಹರಿದು, ಸಾವ್ಕಾರರು ಬಿಸಿಲಲ್ಲಿ ನಡೆದು ಊರಿಗೆ ಬರಬೇಕಾಯಿತು. ಅವರು ನಡೆದು ಬರುವಾಗ ಎದುರಾಳಿ ವ್ಯಾಪಾರಿಯ ಚಕ್ಕಡಿ ಅವರ ಪಕ್ಕದಲ್ಲೇ ಹಾದು ಹೋಯಿತು. ಅದರಲ್ಲಿ ಕೂತವನು "ಚಕ್ಕಡಿ ಹತ್ರಿ ಸಾವ್ಕಾರ್ರ, ಊರಿಗೆ ಬಿಡ್ತೀನಿ" ಎಂದನಂತೆ.

ಮನೆಗೆ ಬಂದವರೇ ಸಾವ್ಕಾರರು ಪೇಟ ತೆಗೆದು ಗೂಟಕ್ಕೆ ಹಾಕಿ ಹೇಳಿದರು: "ಗವಿಸಿದ್ದಪ್ಪ, ನರಗುಂದದವರು ಒಬ್ಬರು ಜೀಪ ಬೇಕಂತ ಗಂಟ ಬಿದ್ದಾರ. ಮಂಗಳವಾರ ನೋಡಾಕ ಬರ್ತಾರ. ಅಷ್ಟರಾಗ ಅದರ ಹೊಟ್ಟಿಗೆ ಏನರ ಒಂದ ಬಂದೋಬಸ್ತ ಮಾಡಿದ್ರ ಇಟ್ಕೋತೀನಿ. ಇಲ್ಲಂದ್ರ ಕೊಟ್ಟ ಬಿಡ್ತೀನಿ. ನಂಗೂ ಸಾಕಾಗೇತಿ."

ಗವಿಸಿದ್ದಪ್ಪ ಲೆಕ್ಕ ಹಾಕಿದ. ಜೀಪು ನರಗುಂದಕ್ಕೆ ಹೋದರೆ ತಾನು ಗುಣಿಗೆ. ನಡುವೆ ಬೇರೆ ದಾರಿ ಅವನಿಗೆ ಕಾಣಲಿಲ್ಲ.

ಅಂದಿನಿಂದ ಅವನು ಊರೆಲ್ಲ ಕಬ್ಬಿಣ ಹುಡುಕುತ್ತ ತಿರುಗಿದ. ಮಿಲಿಟ್ರಿಯಲ್ಲಿ ಕೆಲವು ಗಾಡಿಗಳ ಹೊಟ್ಟೆಗೆ ದಪ್ಪ ತಗಡು ಬಡಿದಿದ್ದನ್ನು ನೋಡಿದ್ದ. ಅಂಥದ್ದು ಇಲ್ಲಿ ಎಲ್ಲಿ ಸಿಗಬೇಕು? ಡಾಂಬರಿನ ಪೀಪಾಯಿಯ ಮುಚ್ಚಳ ಸಿಕ್ಕಿತು. ಮೊಣಕಾಲಿಗೆ ಒತ್ತಿ ನೋಡಿದರೆ ರೊಟ್ಟಿಯ ಹಾಗೆ ಬಾಗಿತು. ಎಸೆದ. ರೋಣದ ಸಂತೆಗೆ ಹೋದ ಬಸ್ಸಿನಲ್ಲಿ ತಾನೂ ಹೋಗಿ, ಹಳೆಯ ಬಾಯ್ಲರಿನ ಒಂದು ತುಂಡು ನೋಡಿದ. ಗಟ್ಟಿಯೇನೋ ಹೌದು, ಆದರೆ ಅದನ್ನು ಎತ್ತಿ ನೋಡಿದಾಗ ಅವನ ಸೊಂಟವೇ ಹಿಡಿದುಕೊಂಡಿತು. ಮೂತಿಗೆ ಅಷ್ಟು ಭಾರ ಕಟ್ಟಿದರೆ ಜೀಪು ಹಂದಿಯಂತೆ ನೆಲ ಮೂಸುತ್ತ ಹೋಗಬೇಕಾದೀತು. ಅದೂ ಅಲ್ಲದೆ ಪೂರಾ ಮುಚ್ಚುವ ತಗಡು ನಮ್ಮ ಸೀಮೆಗೆ ಆಗಿಬರುವುದಿಲ್ಲ. ಮಳೆ ಬಿದ್ದ ಎರೆಮಣ್ಣು ಒಮ್ಮೆ ಹೊಕ್ಕಿತೆಂದರೆ ತಗಡಿಗೂ ಇಂಜಿನ್ನಿಗೂ ನಡುವೆ ಕೂತು ಒಣಗಿ, ಆಮೇಲೆ ಹಾರೆಯಿಂದ ಅಗೆದು ತೆಗೆಯಬೇಕು. ಸಂತೆಯಲ್ಲಿ ನಿಂತವನು ಇದನ್ನೆಲ್ಲ ಬಾಯಿ ಬಿಟ್ಟೇ ಆಡಿಕೊಳ್ಳುತ್ತಿದ್ದ. ಜನ ಸ್ವಲ್ಪ ದೂರ ಸರಿದು ಹೋದರು.

ಕಬ್ಬಿಣ ಸಿಕ್ಕಿದ್ದು ಪಕ್ಕದ ಓಣಿಯಲ್ಲೇ. ಹನುಮಪ್ಪ ಎಂಬ ಒಕ್ಕಲಿಗ, ಗವಿಸಿದ್ದಪ್ಪನ ಶಾಲೆಯ ಗೆಳೆಯ, ತನ್ನ ಮುರಿದ ಚಕ್ಕಡಿಯ ಗಾಲಿಗಳನ್ನು ಗೋಡೆಗೆ ಒರಗಿಸಿ ಇಟ್ಟಿದ್ದ. ಕಟ್ಟಿಗೆಯೆಲ್ಲ ಹುಳು ತಿಂದಿತ್ತು, ಸುತ್ತ ಹೊದಿಸಿದ ಕಬ್ಬಿಣದ ಹಳಿ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಗವಿಸಿದ್ದಪ್ಪ ಅದನ್ನು ಬೆರಳಿನಿಂದ ಸವರಿದ. ಹನುಮಪ್ಪನ ಅಪ್ಪನ ಕಾಲದಿಂದ ಇದೇ ಗುಡ್ಡದ ಕಲ್ಲುಗಳ ಮೇಲೆ ಉರುಳಿ ಉರುಳಿ ನಯವಾದ ಕಬ್ಬಿಣ. ಬಿಚ್ಚಿ ನೆಟ್ಟಗೆ ಮಾಡಿ, ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ನಡುನಡುವೆ ಬೆರಳಾಡುವಷ್ಟು ಜಾಗ ಬಿಟ್ಟು ಕೂಡಿಸಿದರೆ ಮಣ್ಣು ತಾನೇ ಉದುರಿ ಹೋಗುತ್ತದೆ, ಕಲ್ಲು ಬಂದರೆ ಜಾರಿ ಹೋಗುತ್ತದೆ.

"ಇದನ್ನ ಕೊಡೋ" ಎಂದ.

"ಒಯ್ಯಿ ಮಾರಾಯ. ಹಿಂಗ ಬೀದ್ಯಾಗ ನಿಂತ ಕಬ್ಬಣದ ಸಂಗಾಟ ಮಾತಾಡಬ್ಯಾಡ, ಹುಚ್ಚ ಹಿಡದೇತಿ ಅಂತಾರ" ಎಂದ ಹನುಮಪ್ಪ.

ಬಡಿಯುವವನು ಜಂಗ್ಲಿಸಾಬ. ಎತ್ತಿನ ಗೊರಸಿಗೆ ನಾಲ ಬಡಿಯುವುದು ಅವನ ಮನೆತನದ ಕಸುಬು. ಬೆಳ್ಳನೆ ಗಡ್ಡ, ದೊಡ್ಡ ಕೈ, ಯಾವ ಎತ್ತನ್ನು ಕಂಡರೂ ಮೊದಲು ಬೆನ್ನು ಸವರುವ ರೂಢಿ. ಅವನ ಕುಲುಮೆಯಲ್ಲಿ ಹಳಿ ಕಾದು ಕೆಂಪಾಯಿತು, ನೆಟ್ಟಗಾಯಿತು, ತುಂಡಾಯಿತು. ಮುಂದಿನ ತುದಿಗಳನ್ನು ಮೇಲಕ್ಕೆ ಬಾಗಿಸು, ಪಟ್ಟಿ ಕಲ್ಲಿಗೆ ಗುದ್ದಬಾರದು, ಅದರ ಮೇಲೆ ಏರಿ ಜಾರಬೇಕು ಎಂದು ಗವಿಸಿದ್ದಪ್ಪ ಹೇಳಿದ. ತೂತುಗಳನ್ನು ನಾಲದ ತೂತಿನಂತೆ ಅಗಲ ಬಾಯಿ ಮಾಡೋಣ, ಬೋಲ್ಟಿನ ತಲೆ ಒಳಗೆ ಮುಳುಗಿ ಕೂಡುತ್ತದೆ ಎಂದು ಜಂಗ್ಲಿಸಾಬ ಹೇಳಿದ. ಒಬ್ಬರ ಮಾತು ಇನ್ನೊಬ್ಬರಿಗೆ ಸರಿ ಅನ್ನಿಸಿತು. ಗವಿಸಿದ್ದಪ್ಪ ಮಾತ್ರ ಕುಲುಮೆಯ ಮುಂದೆ ಅತ್ತಿಂದಿತ್ತ ಸುತ್ತುತ್ತ, ಆಯ್ತೇನು, ಇನ್ನೆಷ್ಟು ಹೊತ್ತು ಎಂದು ಕೇಳುತ್ತಲೇ ಇದ್ದ.

"ತಮ್ಮಾ, ನೀ ಎತ್ತ ಆಗಿದ್ರ ನಾ ನಿನ್ನ ಮೂಗದಾಣ ಬಿಗೀ ಹಿಡೀತಿದ್ದೆ" ಎಂದ ಜಂಗ್ಲಿಸಾಬ.

ಈಗ ಅದನ್ನು ಜೀಪಿನ ಹೊಟ್ಟೆಗೆ ಕೂಡಿಸುವುದು ಹೇಗೆ? ಅಡಿಯಲ್ಲಿ ಮಲಗಿ ಬಡಿಯಲು ಜಾಗ ಸಾಲದು. ಸಾವ್ಕಾರರು ದಾರಿ ಹೇಳಿದರು: "ಹಿತ್ತಲದಾಗ ಒಂದ ಗುಣಿ ತೋಡಸ್ತೀನಿ. ಮ್ಯಾಲ ಜೀಪ ನಿಂದ್ರಸು, ನೀ ಗುಣ್ಯಾಗ ನಿಂತ ಬಡಿ."

"ಗುಣಿ ಬ್ಯಾಡ್ರಿ" ಎಂದ ಗವಿಸಿದ್ದಪ್ಪ. ಹಾಗೆ ಅಂದ ವೇಗಕ್ಕೆ ಅವನಿಗೇ ನಾಚಿಕೆಯಾಯಿತು. "ತೋಡಾಕ ಎರಡ ದಿನ ಹೋಗ್ತಾವ. ಮಂಗಳವಾರ ಬಂದ ಬಿಡ್ತದರಿ."

ಕಾರಣ ಅದಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಸತ್ತರೆ ಗುಣಿ ತಪ್ಪಿದ್ದಲ್ಲ, ಬದುಕಿದಾಗ ಮತ್ತೆ ಇಳಿಯುವವನಲ್ಲ ಅವನು.

ಜಂಗ್ಲಿಸಾಬನಿಗೆ ಇದೆಲ್ಲ ದೊಡ್ಡ ಮಾತಾಗಿ ಕಾಣಲಿಲ್ಲ. "ಗುಣಿ ಯಾಕ? ಕೆಡವೂಣು" ಎಂದ. ನಾಲ ಬಡಿಯುವಾಗ ಎತ್ತಿನ ಕಾಲಿಗೆ ಹಗ್ಗ ಹಾಕಿ, ಪಕ್ಕಕ್ಕೆ ಎಳೆದು ಕೆಡವಿ, ನಾಲ್ಕೂ ಕಾಲು ಕಟ್ಟಿ ಮಲಗಿಸುತ್ತಾರೆ. ಜೀಪನ್ನೂ ಹಾಗೆ ಮಲಗಿಸಿದರೆ ಹೊಟ್ಟೆ ಮುಂದೆಯೇ ಬರುತ್ತದೆ, ನಿಂತು ಬಡಿಯಬಹುದು. ಸಾವ್ಕಾರರು ಬಾಯಿ ತೆರೆದು ನೋಡಿದರು. ಗವಿಸಿದ್ದಪ್ಪನಿಗೆ ಕುಣಿಯುವಷ್ಟು ಖುಷಿಯಾಯಿತು.

"ನಾಳಿನ ಮಾಡೂಣು" ಎಂದ ಜಂಗ್ಲಿಸಾಬ. "ಸೋಮಾರ ನಂಗ ಪುರಸತ್ತ ಇರೂದಿಲ್ಲ. ಊರಾಗಿನ ಎತ್ತೆಲ್ಲಾ ಅವತ್ತ ಖಾಲಿ, ಎಲ್ಲಾರೂ ನಾಲ ಬಡಸಾಕ ಬರ್ತಾರ. ಒಂದ ಮಾತ ನೆನಪಿಡು. ಕೆಡವೂ ಎತ್ತಿಗೆ ಮುಂಜಾನಿಂದ ಮೇವು ನೀರ ಏನೂ ಹಾಕಬಾರದು. ಹೊಟ್ಟಿ ತುಂಬಿದ್ದ ಎತ್ತ ಕೆಡವಿದ್ರ ಒಳಗ ತಿರುಗಿ ಸಾಯ್ತದ."

ಇದನ್ನು ಗವಿಸಿದ್ದಪ್ಪ ಕೇಳಿದ. ಅರ್ಧ ಪಾಲಿಸಿದ. ಪೆಟ್ರೋಲನ್ನು ಡಬ್ಬಿಗೆ ಇಳಿಸಿದ, ಬ್ಯಾಟರಿ ಬಿಚ್ಚಿ ಇಟ್ಟ. ಚೇಂಬರಿನ ಎಣ್ಣೆ ಮಾತ್ರ ಹಾಗೇ ಬಿಟ್ಟ. ಬೆಸುಗೆ ಹಾಕಿಸಿದ ಮೇಲೆ ಹೊಸದಾಗಿ ತುಂಬಿದ ಎಣ್ಣೆ. ಇಳಿಸಬೇಕೆಂದರೆ ತೊಟ್ಟಿಕ್ಕುವುದನ್ನು ನೋಡುತ್ತ ಕೂಡಬೇಕು. ಮುಚ್ಚಳ ಬಿಗಿಯಾಗಿದೆ, ಎಣ್ಣೆ ಎಲ್ಲಿಗೆ ಹೋದೀತು ಎಂದುಕೊಂಡ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ರವಿವಾರ ಸಾವ್ಕಾರರ ಹಿತ್ತಲಿಗೆ ಅರ್ಧ ಊರೇ ಬಂತು. ನೆಲಕ್ಕೆ ಜೋಳದ ಕಣಿಕೆಯ ಸೂಡುಗಳನ್ನು ಹಾಸಿದರು. ಹಗ್ಗ ಹಾಕಿ, ಎಂಟು ಹತ್ತು ಮಂದಿ ಆ ಕಡೆ ಎಳೆದು, ಈ ಕಡೆ ಆನಿಸಿ ಹಿಡಿದು, ಜೀಪನ್ನು ಮೆಲ್ಲಗೆ ಪಕ್ಕಕ್ಕೆ ಮಲಗಿಸಿದರು. ಜಂಗ್ಲಿಸಾಬ ರೂಢಿಯಂತೆ "ಹೋ ಹೋ ಹೋ, ಆತಪಾ ಆತು" ಎಂದು ಜೀಪಿನ ಬೆನ್ನು ಸವರಿದ. ಎತ್ತು ಏಳದಂತೆ ಕುತ್ತಿಗೆಯ ಮೇಲೆ ಒಬ್ಬನನ್ನು ಕೂಡಿಸುವುದು ಅವನ ಪದ್ಧತಿ. ಹನುಮಪ್ಪನನ್ನು ಕರೆದು ಬಾನೆಟ್ಟಿನ ಪಕ್ಕೆಯ ಮೇಲೆ ಕೂಡಿಸಿಯೇ ಬಿಟ್ಟ. ಜನ ನಕ್ಕರು. ಹನುಮಪ್ಪ ಮಾತ್ರ ಗಂಭೀರವಾಗಿ ಕೆಲಸ ಮುಗಿಯುವವರೆಗೂ ಅಲ್ಲೇ ಕೂತ.

ಕೆಲಸ ಚೆನ್ನಾಗಿಯೇ ಆಯಿತು. ಎರಡು ಅಡ್ಡಪಟ್ಟಿಗಳನ್ನು ಜೀಪಿನ ಎಲುಬುಗೂಡಿನಂಥ ಚಾಸಿಯ ಎರಡೂ ತೊಲೆಗಳಿಗೆ ಬಿಗಿದು, ಅವಕ್ಕೆ ಉದ್ದಪಟ್ಟಿಗಳನ್ನು ಕೂಡಿಸಿದರು. ಇಂಜಿನ್ನಿಗೆ ಎಲ್ಲೂ ತಾಗಲಿಲ್ಲ. ಚೇಂಬರಿಗೂ ಪಟ್ಟಿಗೂ ನಡುವೆ ಕೈ ಆಡುವಷ್ಟು ಜಾಗ. ಸಂಜೆಯ ಹೊತ್ತಿಗೆ ಜೀಪನ್ನು ಎಬ್ಬಿಸಿ ನಿಲ್ಲಿಸಿದರು. ಗವಿಸಿದ್ದಪ್ಪ ಬ್ಯಾಟರಿ ಕೂಡಿಸಿ, ಪೆಟ್ರೋಲು ಸುರಿದು, ಮುಂದೆ ಹೋಗಿ ಇಂಜಿನ್ನು ಎಬ್ಬಿಸುವ ಹ್ಯಾಂಡಲ್ ಹಾಕಿ ತಿರುಗಿಸಿದ.

ಹ್ಯಾಂಡಲ್ ತಿರುಗಲಿಲ್ಲ.

ಎರಡೂ ಕೈ ಹಾಕಿದ. ಕಾಲಿನಿಂದ ತುಳಿದ. ಗೋಡೆಗೆ ಹೊಡೆದ ಗೂಟದಂತೆ ನಿಂತಿತ್ತು ಅದು. ಪಟ್ಟಿ ಎಲ್ಲಾದರೂ ಒತ್ತುತ್ತಿದೆಯೇ ಎಂದು ಬಗ್ಗಿ ನೋಡಿದ, ಇಲ್ಲ. ಜಂಗ್ಲಿಸಾಬನ ಮುಖ ಸಣ್ಣದಾಯಿತು. "ಎತ್ತೇನ್ ಸತ್ತಿಲ್ಲಲ್ಲಾ?" ಎಂದು ಮೆಲ್ಲಗೆ ಕೇಳಿದ. ಸಾವ್ಕಾರರು ಒಳಗೆ ಹೋಗಿ ಕದ ಹಾಕಿಕೊಂಡರು. ಬೈದಿದ್ದರೆ ವಾಸಿಯಿತ್ತು.

ಮರುದಿನ ಬೆಳಗಾಗುವುದಕ್ಕೂ ಅವನು ಹನುಮಪ್ಪನ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು. ರಾತ್ರಿಯೆಲ್ಲ ಯೋಚಿಸಿ ಒಂದು ಉಪಾಯ ಮಾಡಿದ್ದ. ಇಂಜಿನ್ನು ಬಿಗಿದುಕೊಂಡಿದೆ. ಒಂದು ಜೋಡಿ ಎತ್ತು ಕಟ್ಟಿ ಜಗ್ಗಿಸಿ, ಓಡುವಾಗ ಗೇರು ಹಾಕಿ ಕ್ಲಚ್ಚು ಬಿಟ್ಟರೆ ಅದರಪ್ಪನಾದರೂ ತಿರುಗಲೇಬೇಕು.

"ಹನುಮಪ್ಪಾ, ಎತ್ತ ಹೂಡು. ಲಗೂ."

ಹನುಮಪ್ಪ ಕಣ್ಣು ಒರೆಸಿಕೊಂಡ. "ಇವತ್ತ ವಾರ ಯಾವುದು?"

"ಸೋಮಾರ. ಅದಕ್ಕೇನು?"

"ಅದಕ್ಕೇನಂದ್ರ? ಸೋಮಾರ ಬಸವಣ್ಣನ ಹೆಗಲಿಗೆ ನೊಗಾ ಇಡ್ತಾರೇನು? ನಮ್ಮಪ್ಪ ಇಟ್ಟಿಲ್ಲ, ಅವರಪ್ಪ ಇಟ್ಟಿಲ್ಲ."

"ಬಿತ್ತಾಕಲ್ಲೋ, ಹರಗಾಕಲ್ಲೋ. ನಾಕ ಮಾರ ಜಗ್ಗೂದು ಅಷ್ಟ."

"ನಾಕ ಮಾರ ಆದ್ರೇನು, ನಾಕ ಹರದಾರಿ ಆದ್ರೇನು, ನೊಗಾ ನೊಗಾನ. ನೀ ನನ್ನ ಜೀವಾ ಕೇಳು, ಕೊಡ್ತೀನಿ. ಸೋಮಾರ ಎತ್ತ ಕೇಳಬ್ಯಾಡ."

ಗವಿಸಿದ್ದಪ್ಪ ಕೂಗಾಡಿದ. ಸಾಲಿ ಗೆಳೆತನ ತೆಗೆದ, ಬಾನೆಟ್ಟಿನ ಮೇಲೆ ಕೂತದ್ದನ್ನು ತೆಗೆದ, ಕೊನೆಗೆ ಕಾಲಿಗೂ ಬೀಳಲು ಹೋದ. ಹನುಮಪ್ಪ ಜಗ್ಗಲಿಲ್ಲ. ಗವಿಸಿದ್ದಪ್ಪ ಬೇರೆ ಓಣಿಗೆ ಓಡಿದ. ಅಲ್ಲೂ ಅದೇ ಮಾತು. ಇಡೀ ಊರಿನಲ್ಲಿ ಎತ್ತುಗಳು ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು, ಇಲ್ಲವೇ ಜಂಗ್ಲಿಸಾಬನ ಅಂಗಳದಲ್ಲಿ ನಾಲ ಬಡಿಸಿಕೊಳ್ಳಲು ಸಾಲು ನಿಂತಿದ್ದವು. ಇವನೊಬ್ಬನೇ ಬಿಸಿಲಲ್ಲಿ ಓಡುತ್ತಿದ್ದ. ನಾಲ್ಕು ಜನ ನೇಕಾರರನ್ನು ಹಿಡಿದು ತಂದು ಜೀಪು ನೂಕಿಸಿ ನೋಡಿದ. ಗೇರು ಹಾಕಿದರೆ ಗಾಲಿ ಅಲ್ಲಾಡಲಿಲ್ಲ. ಅವರು ಕೈ ಕೊಡವಿ ಮಗ್ಗಕ್ಕೆ ಹೋದರು.

ಮಧ್ಯಾಹ್ನ ಸುಶೀಲವ್ವ ಬುತ್ತಿ ತಂದಾಗ ಅವನು ಜೀಪಿನ ಗಾಲಿಗೆ ಒರಗಿ ಕೂತಿದ್ದ. ಹೋಗಲು ಎಲ್ಲೂ ಜಾಗ ಉಳಿದಿರಲಿಲ್ಲ, ಅದಕ್ಕೇ ಕೂತಿದ್ದ. ಅವಳು ರೊಟ್ಟಿ, ಪಲ್ಯ ಬಿಚ್ಚಿಟ್ಟಳು.

"ಉಣ್ರಿ ಮೊದಲ."

"ನಾಳಿ ನರಗುಂದದವ್ರು ಬರ್ತಾರ."

"ಬರವಲ್ರ್ಯಾಕ. ಉಪಾಸ ಇದ್ರ ಬರೂದು ಬಿಡ್ತಾರೇನು?"

ಅವನು ರೊಟ್ಟಿ ಮುರಿದ, ತಿನ್ನಲಿಲ್ಲ. ಸುಶೀಲವ್ವ ಬಿಸಿಲು ತಪ್ಪಿಸಿಕೊಳ್ಳಲು ಇಂಜಿನ್ನಿನ ಪಕ್ಕಕ್ಕೆ ಸರಿದು, ತೆರೆದ ಬಾನೆಟ್ಟಿನ ನೆರಳಲ್ಲಿ ನಿಂತಳು. ಸ್ವಲ್ಪ ಹೊತ್ತಾದ ಮೇಲೆ ಸೆರಗು ನೋಡಿಕೊಂಡು ಸಿಡುಕಿದಳು. "ಹೊಸಾ ಸೀರಿಗೆ ಎಣ್ಣಿ ಹತ್ತಿತು ನೋಡ್ರಿ. ಈ ಮ್ಯಾಲಿನ ಪೈಪಿನ ಬಾಯಾಗ ಎಣ್ಣಿ ಯಾಕೈತಿ? ಎಣ್ಣಿ ಕೆಳಗಿರ್ತದ ಅಂತ ನೀವ ಹೇಳ್ತಿದ್ರಿ."

ಗವಿಸಿದ್ದಪ್ಪ ಎದ್ದ. ಅವಳು ತೋರಿಸಿದ್ದು ಗಾಳಿ ಹೋಗುವ ಪೈಪು. ಅಲ್ಲಿ ಎಣ್ಣೆ ಇರಕೂಡದು. ಅವನು ಆ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ನೋಡುತ್ತ ನಿಂತ. ಜೀಪು ಪಕ್ಕಕ್ಕೆ ಮಲಗಿದಷ್ಟು ಹೊತ್ತೂ ಚೇಂಬರಿನ ಎಣ್ಣೆ ಸುಮ್ಮನಿದ್ದೀತೇ? ಸಿಕ್ಕ ಸಂದಿಯಲ್ಲೆಲ್ಲ ನುಗ್ಗಿ ಇಂಜಿನ್ನು ಗಾಳಿ ಅದುಮುವ ಮೇಲಿನ ಕೋಣೆಗಳನ್ನು ತುಂಬಿಕೊಂಡಿದೆ. ಗಾಳಿಯನ್ನು ಅದುಮಬಹುದು, ಎಣ್ಣೆಯನ್ನು ಅದುಮಲಾಗುವುದಿಲ್ಲ. ಹ್ಯಾಂಡಲ್ ತಿರುಗದಿದ್ದದ್ದು ಅದಕ್ಕೇ.

ಬೋಲ್ಟು ಬಿಚ್ಚುವ ಪಾನಾ ಹಾಕಿ ಇಂಜಿನ್ನಿನ ನೆತ್ತಿಯ ಪ್ಲಗ್ಗುಗಳನ್ನೆಲ್ಲ ಬಿಚ್ಚಿದ. ಹ್ಯಾಂಡಲ್ ಹಾಕಿ ಒತ್ತಿದ. ಈ ಸಲ ಅದು ಮಾತು ಕೇಳಿತು, ಪ್ಲಗ್ಗಿನ ತೂತುಗಳಿಂದ ಎಣ್ಣೆ ಚಿಮ್ಮಿ ಬಾನೆಟ್ಟಿಗೆ ಬಡಿದು ಅವನ ಮುಖಕ್ಕೆ, ಕೋಟಿಗೆ, ಬಿಚ್ಚಿಟ್ಟ ರೊಟ್ಟಿಗೆ ಬಿತ್ತು. ಸುಶೀಲವ್ವ ಹಿಂದಕ್ಕೆ ಜಿಗಿದು, ಆಮೇಲೆ ಗಂಡನ ಮುಖ ನೋಡಿ ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದಳು. ಅವನೂ ನಕ್ಕ. ನಗುತ್ತ ನಗುತ್ತಲೇ ಅವನಿಗೆ ಬೆಳಗಿನದು ನೆನಪಾಯಿತು. ಬೆಳಿಗ್ಗೆ ಎತ್ತು ಸಿಕ್ಕಿದ್ದರೆ? ಗೇರು ಹಾಕಿ ಜಗ್ಗಿಸಿದ್ದರೆ ಒಳಗಿನ ಕಬ್ಬಿಣದ ತೋಳುಗಳೆಲ್ಲ ಬಾಗಿ ಇಂಜಿನ್ನು ಮಣ್ಣುಪಾಲಾಗುತ್ತಿತ್ತು. ಸಂಜೆ ಹನುಮಪ್ಪನ ಮನೆಗೆ ಹೋಗಿ ಎತ್ತುಗಳ ಕುತ್ತಿಗೆಯ ಕೆಳಗಿನ ಗಂಗೆದೊಗಲು ತುರಿಸುತ್ತ ಸುಮ್ಮನೆ ನಿಂತು ಬಂದ.

ಮಂಗಳವಾರ ಬೆಳಿಗ್ಗೆ ಹೊಸ ಎಣ್ಣೆ ಕುಡಿದ ಜೀಪು ಓಣಿ ತುಂಬ ನೀಲಿ ಹೊಗೆ ಬಿಟ್ಟು ಎದ್ದಿತು. ಸಾವ್ಕಾರರು ಕದ ತೆರೆದು ಹೊರಗೆ ಬಂದು, ಪೇಟ ಸುತ್ತಿಕೊಳ್ಳುತ್ತಲೇ ಹತ್ತಿ ಕೂತರು. "ನಡಿ ರಾಜೂರಕ. ನರಗುಂದದವ್ರು ಬರೂದ್ರಾಗ ನೋಡ್ಕೊಂಡ ಬರೂಣು" ಎಂದರು.

ಹಾದಿಯ ಮೊದಲ ಕಲ್ಲುಗಳನ್ನು ಗವಿಸಿದ್ದಪ್ಪ ರೂಢಿಯಂತೆ ತಪ್ಪಿಸಿದ. ಆಮೇಲೆ ತೋರಿಸಬೇಕೆಂದೇ ಒಂದು ಕಲ್ಲಿನ ಮೇಲೆ ನೇರವಾಗಿ ಬಿಟ್ಟ. ಅಡಿಯಲ್ಲಿ ಠಣ್ ಎಂದಿತು. ಸಾವ್ಕಾರರು ಹೆದರಿ ಕಣ್ಣು ಮುಚ್ಚಿದರು. ಜೀಪು ಒಂದಿಷ್ಟು ಎದ್ದು, ಜಾರಿ, ಮುಂದೆ ಹೋಯಿತು. ಅವರು ಒಂದು ಕಣ್ಣು ತೆರೆದರು, ಎರಡೂ ತೆರೆದರು.

"ಏನೂ ಆಗಲಿಲ್ಲೇನು?"

"ಏನೂ ಇಲ್ರಿ."

"ಇನ್ನೊಂದರ ಮ್ಯಾಲ ಬಿಡು."

ಬಿಟ್ಟ. ಠಣ್. ಸಾವ್ಕಾರರು ತೊಡೆ ತಟ್ಟಿ ನಕ್ಕರು. ಗವಿಸಿದ್ದಪ್ಪನಿಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಜೀಪು ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು.

"ನಿಂದ್ರಸು" ಎಂದರು ಸಾವ್ಕಾರರು. "ಇಳಿ. ನಾ ಹೊಡೀತೀನಿ."

ಇಷ್ಟು ದಿನ ಅವರನ್ನು ತಡೆದದ್ದು ಆ ಚೇಂಬರಿನ ಭಯ ಒಂದೇ. ಈಗ ಅದಿರಲಿಲ್ಲ. ಗವಿಸಿದ್ದಪ್ಪ ಸುತ್ತು ಹಾಕಿ ಬಂದು ಪಕ್ಕದ ಸೀಟಿನಲ್ಲಿ ಕೂತ. ಸಾವ್ಕಾರರು ಕಲ್ಲು ತಪ್ಪಿಸುವ ಗೋಜಿಗೇ ಹೋಗಲಿಲ್ಲ. ಒಂದೊಂದನ್ನೂ ಹುಡುಕಿ ಹತ್ತಿಸಿದಂತೆ ಓಡಿಸಿದರು. ಠಣ್ ಎಂದಾಗಲೆಲ್ಲ ಗವಿಸಿದ್ದಪ್ಪನ ಕಾಲು ತಾನಾಗಿ ನೆಲ ಒತ್ತುತ್ತಿತ್ತು. ಅಲ್ಲಿ ಬ್ರೇಕು ಇರಲಿಲ್ಲ.

"ನಿನ್ನ ಕೈಕೆಲಸ ಭಾರೀ ಐತಿ ನೋಡು" ಎಂದರು ಸಾವ್ಕಾರರು ಮನಸಾರೆ. "ನರಗುಂದದವ್ರಿಗೆ ಇಲ್ಲ ಅಂತ ಹೇಳಿ ಕಳಸ್ತೀನಿ. ಇನ್ನ ಈ ಹಾದ್ಯಾಗ ಯಾರ ಬೇಕಾದ್ರೂ ಹೊಡೀಬಹುದು. ನಾನ ಹೊಡಕೋತೀನಿ. ನೀ ಭಾಳ ದಣದೀ, ಗೋದಾಮಿನ್ಯಾಗ ತಕ್ಕಡಿ ಮುಂದ ಆರಾಮ ಕುಂತ ಬಿಡು. ಪಗಾರ ಏನ್ ಕಡಿಮಿ ಮಾಡೂದಿಲ್ಲ."

ಅವರ ಮಾತಿನಲ್ಲಿ ಕಪಟ ಇರಲಿಲ್ಲ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ನಂಬಿದ್ದರು. ಈ ಹಾದಿಯಲ್ಲಿ ಜೀಪು ಓಡಬೇಕಾದರೆ ತಾನೇ ಬೇಕು ಎಂಬುದು ಇಷ್ಟು ದಿನ ಗವಿಸಿದ್ದಪ್ಪನ ಬದುಕಿಗೆ ಆಧಾರವಾಗಿತ್ತು. ಅದನ್ನು ತನ್ನ ಕೈಯಾರೆ ಬಿಚ್ಚಿ, ಆ ಜಾಗದಲ್ಲಿ ಕಬ್ಬಿಣ ಕೂಡಿಸಿದ್ದ.

ತಿರುವಿನ ಹತ್ತಿರ ದೊಡ್ಡ ಕಲ್ಲೊಂದು ಭಾರಿಯಾಗಿ ಬಡಿಯಿತು. ಜೀಪು ನಿಂತೇ ಹೋಯಿತು. ಸಾವ್ಕಾರರ ಮುಖದ ನಗು ಹಾರಿತು. "ಇಳದ ನೋಡೋ, ಏನಾತಂತ" ಎಂದರು. ಅವರ ದನಿಯಲ್ಲಿ ಹಳೆಯ ಭಯ ತಿರುಗಿ ಬಂದಿತ್ತು.

ಗವಿಸಿದ್ದಪ್ಪ ಇಳಿದು ಅಂಗಾತ ಮಲಗಿ ಒಳಗೆ ತೂರಿಕೊಂಡ. ಕೈಯಾಡಿಸಿ ನೋಡಿದ. ಚೇಂಬರಿನ ಹೊರಮೈ ಒಣಗಿತ್ತು, ಒಂದು ಹನಿ ಎಣ್ಣೆಯೂ ಸೋರಿರಲಿಲ್ಲ. ಪಟ್ಟಿಗಳಲ್ಲಿ ಒಂದೂ ಬಾಗಿರಲಿಲ್ಲ, ಒಂದು ಬೋಲ್ಟೂ ಸಡಿಲಾಗಿರಲಿಲ್ಲ. ತಾನು ಮಾಡಿದ ಕೆಲಸ ಕೆಟ್ಟಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಜೀವಮಾನದಲ್ಲಿ ಮೊದಲ ಸಲ ಅನ್ನಿಸಿತು. ಕೋಟಿನ ಜೇಬಿನಲ್ಲಿ ಪಾನಾ ಇತ್ತು. ಎರಡು ಸುತ್ತು ಬಿಚ್ಚಿದರೆ ಸಾಕು, ಪಟ್ಟಿ ಜೋತು ಬೀಳುತ್ತದೆ. ಅದೂ ಬೇಡ, ಸೀಳಿದೆ, ಕಲ್ಲು ತಪ್ಪಿಸಿಯೇ ಓಡಿಸಬೇಕು ಎಂದು ಒಂದು ಮಾತು ಹೇಳಿದರೂ ಸಾಕು. ಬಗ್ಗಿ ನೋಡಲು ಸಾವ್ಕಾರರ ಹೊಟ್ಟೆ ಬಿಡುವುದಿಲ್ಲ. ಅವನ ಕೈ ಜೇಬಿಗೆ ಹೋಗಿತ್ತು.

"ಏನಾತೋ? ಒಡದೈತೇನು?" ಮೇಲಿನಿಂದ ಸಾವ್ಕಾರರು ಕೂಗಿದರು.

ಮುಖದ ಮೇಲೆಯೇ ಆ ಪಟ್ಟಿಗಳಿದ್ದವು. ಬಡಿದ ಕಡೆಯಲ್ಲಿ ಹೊಸದಾಗಿ ಬೆಳ್ಳನೆಯ ಗೀರು ಬಿದ್ದಿತ್ತು. ಎಷ್ಟು ಒಳ್ಳೆಯ ಕೆಲಸವಾಗಿದೆ ಎಂದು ಅವನಿಗೆ ಅಳು ಬಂತು.

"ಏನೂ ಆಗಿಲ್ರಿ, ಸಾವ್ಕಾರ್ರ" ಎಂದ. "ಗಟ್ಟಿ ಐತಿ."

ಹೊರಗೆ ಬಂದು ಮೈ ಕೊಡವಿಕೊಂಡ. ಸಾವ್ಕಾರರು ಆಗಲೇ ಮತ್ತೆ ಇಂಜಿನ್ನು ಎಬ್ಬಿಸಿದ್ದರು. "ಹತ್ತ ಲಗೂ" ಎಂದರು.

"ನೀವ ನಡೀರಿ. ನಾ ನಡಕೋತ ಬರ್ತೀನಿ."

"ಯಾಕೋ, ಏನಾತು?"

"ಏನಿಲ್ರಿ." ಅವನು ಮುಂದಿನ ಹಾದಿ ನೋಡಿದ. "ಈ ತಿರುವ ದಾಟಿದ ಕೂಡಲೇ ಇಳಿಜಾರ ಐತ್ರಿ. ಗೇರ ತಗೀಬ್ಯಾಡ್ರಿ, ಬ್ರೇಕ್ ಒಂದನ್ನ ನಂಬಬ್ಯಾಡ್ರಿ. ಎರಡನೇ ಗೇರಿನ್ಯಾಗ ಸಾವಕಾಶ ಇಳಸ್ರಿ."

ಸಾವ್ಕಾರರು ತಲೆಯಾಡಿಸಿದರು. ಜೀಪು ತಿರುವು ದಾಟಿತು. ಗವಿಸಿದ್ದಪ್ಪ ಹಾದಿಯ ನಡುವೆ ನಿಂತು ಕಿವಿಗೊಟ್ಟು ಕೇಳಿದ. ಅದು ಎರಡನೆಯ ಗೇರಿನಲ್ಲೇ, ಅವನು ಹೇಳಿದ ಹಾಗೆಯೇ, ಸಾವಕಾಶ ಇಳಿದು ಹೋಯಿತು.